ಎಂಟು ಪಾಯಿಂಟ್ ಒಂಬತ್ತು

ಬೆಳಿಗ್ಗೆ ಆಸ್ಪತ್ರೆಯ ಗೋಡೆಗೆ ಅಂಟಿಸಿದ ಅಂದಿನ ರೋಗಿಗಳ ಪಟ್ಟಿಯಲ್ಲಿ ಭಾವನ ಹೆಸರು ಎರಡನೆಯದಾಗಿತ್ತು. ಅವನು ಅದನ್ನು ಮೂರು ಸಲ ಓದಿದ. ಮೂರು ಸಲ ಓದಿದರೆ ಅದು ಬೇರೆ ಯಾರದೋ ಹೆಸರಾಗಿಬಿಡುತ್ತದೆಯೇ? ಆಗಲಿಲ್ಲ. ಇವತ್ತೇ ಅಂತ ಭಾನುವಾರವೇ ಅಕ್ಕ ಹೇಳಿದ್ದಳು, ಆದರೂ ಅವನು ಏನಾದರೊಂದು ಅಡ್ಡ ಬಂದೀತು ಅಂದುಕೊಂಡೇ ಇದ್ದ. ದೊಡ್ಡ ಡಾಕ್ಟರಿಗೆ ಜ್ವರ ಬರಬಹುದು, ಭಾವನಿಗೇ ಶೀತ ಆಗಬಹುದು, ಏನಿಲ್ಲದಿದ್ದರೆ ಎಕ್ಸ್‌ರೇ ಮೆಷಿನ್ನಾದರೂ ಕೆಟ್ಟು ಕೂರಬಹುದು. ಬೇಡದಿದ್ದಾಗ ಕೆಡುತ್ತದೆ, ಹಾಳಾದ್ದು. ಇವತ್ತು ಗುಂಡಿ ಒತ್ತಿದ್ದೇ ತಡ, ಹಸಿರು ದೀಪ ಹತ್ತಿಸಿಕೊಂಡು ಸಿದ್ಧವಾಗಿ ನಿಂತಿತು. ಅವನು ಸೀಸದ ಕೋಟು ತೊಟ್ಟುಕೊಂಡು, ಟೇಬಲ್ಲಿನ ಮೇಲೆ ಹೊಸ ಹಾಳೆ ಹಾಸುತ್ತಿದ್ದ ನರ್ಸಮ್ಮನಿಗೆ ನಮಸ್ಕಾರ ಅಂದ. ಆಕೆ ತಿರುಗಿಯೂ ನೋಡದೆ, ‘ಏನು ಕಂಡಕ್ಟರೇ, ಇವತ್ತು ಮನೆಯವರ ಕೇಸಂತೆ?’ ಅಂದಳು. ಹೌದು ಅಂದ. ‘ಹಾಗಾದ್ರೆ ಸ್ವಲ್ಪ ಹುಷಾರಾಗಿ ಮಾಡ್ತೀರಿ ಬಿಡಿ’ ಅಂದು ನಕ್ಕಳು.

ಅವನ ಕೆಲಸ ದೊಡ್ಡದೇನಲ್ಲ. ಹೃದಯದ ರಕ್ತನಾಳ ಕಟ್ಟಿಕೊಂಡವರನ್ನು ಈ ಟೇಬಲ್ಲಿನ ಮೇಲೆ ಮಲಗಿಸುತ್ತಾರೆ. ದೊಡ್ಡ ಡಾಕ್ಟರು ಮಣಿಕಟ್ಟಿನಿಂದಲೋ ತೊಡೆಯಿಂದಲೋ ಕೂದಲಿನಂಥ ತಂತಿ ತೂರಿಸಿ ಎದೆಯವರೆಗೆ ಒಯ್ಯುತ್ತಾರೆ. ತಂತಿ ಎಲ್ಲಿ ಹೋಗುತ್ತಿದೆ ಎಂದು ಕಾಣಿಸುವುದಕ್ಕೆ ಬೆನ್ನ ಕೆಳಗಿನಿಂದ ಎಕ್ಸ್‌ರೇ ಹಾಯಿಸುತ್ತಲೇ ಇರಬೇಕು. ಗಾಜಿನ ಈಚೆ ಕೂತು ಆ ಮೆಷಿನ್ ನೋಡಿಕೊಳ್ಳುವವನು ಅವನು. ಪರದೆಯ ಮೂಲೆಯಲ್ಲಿ ಒಂದು ಅಂಕಿ ಏರುತ್ತ ಹೋಗುತ್ತದೆ, ರೋಗಿಯ ಮೈಗೆ ಎಷ್ಟು ಕಿರಣ ಹೋಯಿತು ಅನ್ನುವ ಅಳತೆ. ಎರಡಕ್ಕೆ ಬಂದಾಗ ಒಂದು ಸಲ, ಆಮೇಲೆ ಒಂದೊಂದು ಏರಿದಾಗಲೂ ಒಂದೊಂದು ಸಲ ಅದನ್ನು ಮೈಕಿನಲ್ಲಿ ಗಟ್ಟಿಯಾಗಿ ಹೇಳಬೇಕು. ಹೇಳಿದರೆ ಡಾಕ್ಟರು ಕೋನ ಬದಲಿಸುತ್ತಾರೆ, ಬೆನ್ನಿನ ಒಂದೇ ಜಾಗ ಬೇಯುವುದು ತಪ್ಪುತ್ತದೆ. ಐದು ದಾಟಿತೋ, ಕೆಂಪು ಹಾಳೆ ತುಂಬಬೇಕು, ರೋಗಿಗೆ ತಿಳಿಸಬೇಕು, ಹದಿನೈದು ದಿನಕ್ಕೆ ಕರೆಸಿ ಬೆನ್ನು ನೋಡಬೇಕು. ಎಲ್ಲ ಮುಗಿದ ಮೇಲೆ ಅಂಕಿಯನ್ನು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು. ಇಷ್ಟೇ. ಇಷ್ಟನ್ನು ಹೇಳಿಕೊಟ್ಟರೆ ಗಿಳಿಯೂ ಮಾಡೀತು. ಅವನೂ ಒಂಬತ್ತು ವರ್ಷ ಗಿಳಿಯ ಹಾಗೆಯೇ ಮಾಡಿಕೊಂಡು ಬಂದಿದ್ದ, ಎರಡು ವರ್ಷದ ಹಿಂದೆ ಹೊರಗಿನ ಊರಿಂದ ನಾಲ್ಕು ಜನ ಡಾಕ್ಟರುಗಳು ದೊಡ್ಡ ಡಾಕ್ಟರ ಕೈಚಳಕ ನೋಡಲು ಬಂದ ದಿನದವರೆಗೆ. ಆವತ್ತೂ ಅವನು ಮೂರು ಅಂದ, ನಾಲ್ಕು ಅಂದ. ಐದು ಅನ್ನುವಾಗ ಧ್ವನಿ ಸ್ವಲ್ಪ ಹೆಚ್ಚಾಯಿತೋ ಏನೋ. ದೊಡ್ಡ ಡಾಕ್ಟರು ಕೈಯಲ್ಲಿ ತಂತಿ ಹಿಡಿದುಕೊಂಡೇ ಗಾಜಿನ ಕಡೆ ತಿರುಗಿ, ‘ಏನಯ್ಯಾ ಅದು, ಐದನೇ ಸ್ಟಾಪ್ ಬಂತಾ? ನಾನು ಇಲ್ಲೇ ಇಳೀಬೇಕಾ?’ ಅಂದರು. ನಾಲ್ಕೂ ಜನ ಗೊಳ್ಳೆಂದು ನಕ್ಕರು. ನರ್ಸಮ್ಮ ನಕ್ಕಳು. ಟೇಬಲ್ಲಿನ ಮೇಲಿದ್ದ ರೋಗಿ ಕೂಡ ಏನೆಂದು ತಿಳಿಯದಿದ್ದರೂ ನಕ್ಕ. ಇವನೂ ನಕ್ಕ. ಆಮೇಲೆ ನೆನೆದಾಗೆಲ್ಲ ಮೈ ಪರಚಿಕೊಳ್ಳುವ ಹಾಗಾಗುತ್ತಿದ್ದದ್ದು ಅವರ ನಗುವಿಗಲ್ಲ, ಆ ನಗುವಿನೊಳಗೆ ತಾನೂ ಹಲ್ಲು ಕಿರಿದದ್ದಕ್ಕೆ. ಮಾರನೆಯ ದಿನದಿಂದ ಅವನ ಹೆಸರು ಕಂಡಕ್ಟರ್ ಎಂದಾಯಿತು. ಮಾರನೆಯ ದಿನದಿಂದಲೇ ಅವನು ಅಂಕಿ ಹೇಳುವುದನ್ನು ಬಿಟ್ಟ. ಯಾಕೆ ಹೇಳುತ್ತಿಲ್ಲ ಎಂದು ಯಾರಾದರೂ ಕೇಳುತ್ತಾರೆಂದು ಒಂದು ತಿಂಗಳು ಕಾದ. ಕೇಳಿದರೆ ಕೊಡಬೇಕಾದ ಖಾರದ ಉತ್ತರವನ್ನು ಸ್ನಾನ ಮಾಡುವಾಗ ಜೋಡಿಸಿಕೊಂಡಿದ್ದ. ಯಾರೂ ಕೇಳಲಿಲ್ಲ.

ಭಾವನನ್ನು ತಳ್ಳುಗಾಡಿಯಲ್ಲಿ ಒಳಗೆ ತಂದರು, ಹೋದ ಸಲ ಬಿಟ್ಟಿದ್ದ ಇನ್ನೊಂದು ಕಟ್ಟಿಕೊಂಡ ನಾಳ ತೆರೆಯುವುದಕ್ಕೆ. ಮೊದಲ ಸಲ ತಂದಾಗ, ಆರು ವಾರದ ಹಿಂದೆ, ಆ ಮನುಷ್ಯನ ಮುಖ ಬಿಳಿಚಿಕೊಂಡಿತ್ತು. ಅಂಗಡಿಯಲ್ಲಿ ಟೇಪನ್ನು ಕೊರಳಿಗೆ ನೇತುಹಾಕಿಕೊಂಡು, ಗಿರಾಕಿಯ ಹೊಟ್ಟೆಗೊಂದು ಭುಜಕ್ಕೊಂದು ತಮಾಷೆ ಹಾರಿಸುತ್ತ ಬಟ್ಟೆ ಕತ್ತರಿಸುವ ಭಾವ, ಮನೆಗೆ ಬಂದ ನೆಂಟರಿಗೆಲ್ಲ ಇವನನ್ನು ‘ನಮ್ಮನೇಲೂ ಒಬ್ಬ ಡಾಕ್ಟರಿದಾನೆ ಕಣ್ರೀ, ಫೋಟೋ ಡಾಕ್ಟರು’ ಎಂದು ಪರಿಚಯ ಮಾಡಿಸುವ ಭಾವ, ಆವತ್ತು ಇವನ ಕೈ ಹಿಡಿದುಕೊಂಡು, ‘ನೀನು ಇಲ್ಲೇ ಇರ್ತೀಯಲ್ಲ? ಎಲ್ಲೂ ಹೋಗಲ್ಲ ತಾನೇ?’ ಅಂದಿದ್ದ. ಆ ಕೈ ತಣ್ಣಗಿತ್ತು. ಇವನಿಗೆ ಕನಿಕರ ಆಗಬೇಕಿತ್ತು, ಆಯಿತು ಕೂಡ, ಆದರೆ ಕನಿಕರದ ಪಕ್ಕದಲ್ಲೇ ಇನ್ನೊಂದು ಬಂದು ಕೂತಿತು. ಈಗ ಗೊತ್ತಾಯಿತಾ ಫೋಟೋ ಡಾಕ್ಟರು ಯಾರು ಅಂತ? ಅದು ಎಷ್ಟು ಹೊತ್ತು ಕೂತಿತ್ತು, ಯಾವಾಗ ಎದ್ದು ಹೋಯಿತು, ಆರು ವಾರದಿಂದ ಹುಡುಕುತ್ತಿದ್ದರೂ ಸಿಕ್ಕಿಲ್ಲ. ಆವತ್ತಿನ ನಾಳ ಪೂರ್ತಿ ಮುಚ್ಚಿಹೋಗಿತ್ತು. ತಂತಿ ದಾಟಲೊಲ್ಲದು. ಡಾಕ್ಟರು ಒಂದೇ ಕೋನದಲ್ಲಿ ಎರಡು ಗಂಟೆ ಹೆಣಗಿದರು. ಅಂಕಿ ನಾಲ್ಕಾಯಿತು, ಐದಾಯಿತು, ಆರು ದಾಟಿತು. ಹೇಳು, ಹೇಳು ಎಂದು ಮೈಕಿನ ಗುಂಡಿಯ ಮೇಲೆ ಬೆರಳಿಟ್ಟ. ನಾಲಿಗೆ ಹೊರಳಲಿಲ್ಲ. ಭಾವನ ಎದುರಿಗೆ ಕಂಡಕ್ಟರ್ ಅನ್ನಿಸಿಕೊಳ್ಳುವುದೆ? ಮುಂದಿನ ಭಾನುವಾರ ಊಟಕ್ಕೆ ಕೂತಾಗ ಅದೇ ಮಾತು ತಟ್ಟೆಗೆ ಬೀಳುತ್ತದೆ. ಬೆರಳು ತೆಗೆದ. ಆರು ಪಾಯಿಂಟ್ ಎಂಟರಲ್ಲಿ ಮೆಷಿನ್ ನಿಂತುಹೋಯಿತು. ಪರದೆಯ ಮೇಲೆ ಭಾವನ ಹೃದಯ ಅರ್ಧ ಬಡಿತದಲ್ಲಿ ಹಾಗೇ ಉಳಿಯಿತು. ‘ಏನ್ ಮಾಡ್ತಾ ಇದೀಯಯ್ಯಾ ಅಲ್ಲಿ? ಬೇಗ!’ ಎಂದು ಡಾಕ್ಟರು ಕಿರುಚಿದರು. ಅಂಥ ಹೊತ್ತಿನಲ್ಲಿ ಇರುವುದೊಂದೇ ದಾರಿ: ಮೆಷಿನ್ನಿನಲ್ಲಿ ರೋಗಿಯ ಕಡತ ಮುಚ್ಚಿ ಹೊಸದಾಗಿ ತೆರೆಯುವುದು. ಮುಚ್ಚಿದ, ತೆರೆದ. ಹೃದಯ ಮತ್ತೆ ಬಡಿಯತೊಡಗಿತು. ಮೂಲೆಯ ಅಂಕಿ ಸೊನ್ನೆಯಿಂದ ಶುರುವಾಯಿತು.

ಹಳೆಯ ಅಂಕಿಯನ್ನು ಹೊಸದಕ್ಕೆ ಕೂಡಿಸಬೇಕೆಂಬುದು ಮೊದಲ ವರ್ಷದ ಹುಡುಗರಿಗೂ ಗೊತ್ತು. ಅವನಿಗೆ ಗೊತ್ತಿಲ್ಲವೆ? ಆದರೆ ತಂತಿ ದಾಟಿ, ನಾಳ ತೆರೆದು, ಎಲ್ಲರೂ ಉಸಿರು ಬಿಟ್ಟಾಗ ಡಾಕ್ಟರು ಕೈಗವಸು ಕಳಚುತ್ತ ‘ಎಷ್ಟಾಯ್ತು?’ ಅಂದರು. ಪರದೆ ನೋಡಿದ, ‘ಎರಡು ಪಾಯಿಂಟ್ ಒಂದು ಸಾರ್’ ಅಂದ. ಡಾಕ್ಟರು ಹುಬ್ಬೇರಿಸಿದರು. ‘ಇಂಥಾ ಕೇಸಲ್ಲಿ ಎರಡೇನಾ? ಭೇಷ್ ಕಣಯ್ಯಾ!’ ಹನ್ನೊಂದು ವರ್ಷದಲ್ಲಿ ಅದು ಮೊದಲನೇ ಭೇಷ್. ಆ ಭೇಷ್ ಇನ್ನೂ ಕಿವಿಯಲ್ಲಿ ಬೆಚ್ಚಗಿರುವಾಗಲೇ ರಿಜಿಸ್ಟರಿನಲ್ಲಿ ಎರಡು ಪಾಯಿಂಟ್ ಒಂದು ಎಂದು ಬರೆದು ಸಹಿ ಹಾಕಿದ. ಬರೆಯುವಾಗ ಗೊತ್ತಿತ್ತೆ? ಗೊತ್ತಿರಲಿಲ್ಲ ಎಂದು ಆಣೆ ಮಾಡಿ ಹೇಳಬಲ್ಲ. ಅರ್ಧ ಗಂಟೆಯ ನಂತರ ನಲ್ಲಿಯ ಕೆಳಗೆ ಕೈ ಒಡ್ಡಿದಾಗ ಗೊತ್ತಾಯಿತು. ಆರು ಪಾಯಿಂಟ್ ಎಂಟು, ಎರಡು ಪಾಯಿಂಟ್ ಒಂದು. ಓಡಿ ಹೋಗಿ ತಿದ್ದಬಹುದಿತ್ತು. ತಿದ್ದಲು ಡಾಕ್ಟರ ಸಹಿ ಬೇಕು. ಐದು ದಾಟಿದಾಗ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳುತ್ತಾರೆ. ಕೊಟ್ಟ ಭೇಷನ್ನು ಎಲ್ಲರೆದುರು ವಾಪಸು ಕಿತ್ತುಕೊಳ್ಳುತ್ತಾರೆ. ನಾಳೆ ನೋಡೋಣ ಅಂದುಕೊಂಡ. ಒಂಬತ್ತರ ಹತ್ತಿರ ಹೋದವರಿಗೆಲ್ಲ ಏನಾದರೂ ಆಗಲೇಬೇಕೆಂದಿಲ್ಲ, ಎಷ್ಟೋ ಜನರ ಚರ್ಮ ಕೆಂಪು ಕೂಡ ಆಗುವುದಿಲ್ಲ ಎಂದು ತನಗೆ ತಾನೇ ಪಾಠ ಒಪ್ಪಿಸಿಕೊಂಡ. ಹದಿನೈದು ದಿನ ಭಾವನ ಬೆನ್ನು ಸುಮ್ಮನಿತ್ತು. ಹದಿನಾರನೆಯ ದಿನ ಅಕ್ಕ ಫೋನು ಮಾಡಿದಳು.

ಬಲ ಹೆಗಲ ಕೆಳಗೆ, ಅಂಗೈಯಗಲ, ನಾಲ್ಕೂ ಮೂಲೆ ನೆಟ್ಟಗೆ, ಗೆರೆ ಕೊರೆದಂತೆ ಕೆಂಪು, ಮೆಷಿನ್ನಿನ ಕಿರಣ ಹಾಯುವ ಕಿಂಡಿಯದೇ ಆಕಾರ. ಒಂದು ವಾರಕ್ಕೆ ಅದು ಕಪ್ಪಾಯಿತು, ಆಮೇಲೆ ಸಿಪ್ಪೆ ಎದ್ದಿತು, ಆಮೇಲೆ ಒಸರತೊಡಗಿತು. ಚರ್ಮದ ಡಾಕ್ಟರು ಕನ್ನಡಕ ಮೇಲಕ್ಕೇರಿಸಿ ಕೇಳಿದ್ದು ಒಂದೇ ಪ್ರಶ್ನೆಯಂತೆ: ‘ಬೆನ್ನಿಗೆ ಏನಾದ್ರೂ ಬಿಸಿ ಇಟ್ಟಿದ್ರಾ ಅಮ್ಮ?’ ಇಟ್ಟಿದ್ದಳು. ಗಂಟೆಗಟ್ಟಲೆ ಮಲಗಿ ಬೆನ್ನು ನೋಯುತ್ತಿದೆ ಎಂದು ಭಾವ ನರಳುತ್ತಿದ್ದಾಗ, ಮನೆಗೆ ಬಂದ ಮೊದಲ ವಾರ ರಬ್ಬರಿನ ಚೀಲದಲ್ಲಿ ಬಿಸಿನೀರು ತುಂಬಿ ಇಟ್ಟಿದ್ದಳು. ಮುಗಿಯಿತು. ಅವತ್ತಿನಿಂದ ಆ ಮನೆಯಲ್ಲಿ ಅದೇ ಮಾತು. ಗಂಡನ ಬೆನ್ನು ಸುಟ್ಟವಳು. ಅಕ್ಕನ ಅತ್ತೆ ನೆರೆಯವರಿಗೆಲ್ಲ ಹೇಳಿಕೊಂಡು ಬಂದಳು. ಭಾವ ಮೊದಮೊದಲು ತಮಾಷೆ ಮಾಡುತ್ತಿದ್ದ, ನೋವು ಹೆಚ್ಚಿದಂತೆ ತಮಾಷೆ ಹೋಗಿ ಬರೀ ಬೈಗುಳ ಉಳಿಯಿತು. ಹೋದ ಭಾನುವಾರ ಊಟಕ್ಕೆ ಕೂತಾಗ ಭಾವ ಅಂಗಿ ಎತ್ತಿ ಎಲ್ಲರಿಗೂ ಬೆನ್ನು ತೋರಿಸಿದ. ‘ನೋಡಯ್ಯಾ, ಚೀಲದ ಮೂಲೆ ಹೇಗೆ ಅಚ್ಚುಕಟ್ಟಾಗಿ ಕೂತಿದೆ! ನಾನು ಇಪ್ಪತ್ತು ವರ್ಷದಿಂದ ಜೇಬು ಹೊಲೀತಿದೀನಿ, ಇಷ್ಟು ನೆಟ್ಟಗೆ ನನ್ನ ಕೈಲೂ ಕತ್ತರಿಸೋಕಾಗಲ್ಲ.’ ಅಕ್ಕ ಎದ್ದು ಒಳಗೆ ಹೋದಳು. ಅಳಲು ಹೋದಳೆಂದು ಎಲ್ಲರೂ ಅಂದುಕೊಂಡರು. ಅವಳು ಆ ರಬ್ಬರ್ ಚೀಲವನ್ನೂ ಗಂಡನ ಟೇಪನ್ನೂ ಹಿಡಿದುಕೊಂಡು ಬಂದಳು.

‘ನೋಡಿ, ಈ ಚೀಲ ಹನ್ನೊಂದು ಇಂಚಿದೆ’ ಅಂದಳು. ‘ಗಾಯ ನಾಲ್ಕೂ ಕಾಲು. ನಾನೇ ಅಳೆದಿದೀನಿ. ಚೀಲದ ಮೂಲೆ ಗುಂಡಗಿದೆ, ಗಾಯದ್ದು ಚೂಪಾಗಿದೆ. ಇದು ಹೇಗೆ ಅದಾಗತ್ತೆ?’

‘ಆಯ್ತಮ್ಮ, ಹಾಗಾದ್ರೆ ನನ್ನ ಬೆನ್ನು ತಾನಾಗೇ ಸುಟ್ಕೊಂಡಿದೆ’ ಅಂದ ಭಾವ.

‘ಸುಟ್ಟಿದ್ದೂ ಅಲ್ದೆ ವಾದಕ್ಕೆ ಬೇರೆ ನಿಂತಳು’ ಎಂದಳು ಅತ್ತೆ.

ಅಕ್ಕ ಆಗ ತಮ್ಮನ ಕಡೆ ತಿರುಗಿದಳು. ‘ನೀನಾದ್ರೂ ಹೇಳೋ. ಆಸ್ಪತ್ರೇಲಿ ಇರೋನು ನೀನು, ಇಂಥವೆಲ್ಲ ನೋಡಿರ್ತೀಯ. ಇದು ಚೀಲದ್ದಾ?’ ಇವನ ಬಾಯಲ್ಲಿ ತುತ್ತಿತ್ತು. ತುತ್ತು ಇದ್ದದ್ದೇ ಪುಣ್ಯ ಅನ್ನಿಸಿತು. ಅದನ್ನು ಅಗಿದ, ಅಗಿದ, ಅಗಿಯಲು ಏನೂ ಉಳಿಯದಿದ್ದರೂ ಅಗಿದ. ಕೊನೆಗೆ ನುಂಗಿ, ‘ಚರ್ಮದ್ದು ನನಗೆ ಅಷ್ಟು ಗೊತ್ತಾಗಲ್ಲ ಅಕ್ಕ’ ಅಂದ. ಅವಳು ಟೇಪನ್ನು ಸುರುಳಿ ಸುತ್ತುತ್ತ ಒಳಗೆ ಹೋದಳು. ಛೀ ಎಂದು ತನಗೆ ತಾನೇ ಉಗಿದುಕೊಂಡ, ಉಗಿದುಕೊಂಡು ಇನ್ನೊಂದು ಸಲ ಬಡಿಸಿಕೊಂಡ. ಇದು ನಡೆದು ನಾಲ್ಕು ದಿನವಾಗಿದೆ, ಆ ಎರಡನೇ ಸಲ ಬಡಿಸಿಕೊಂಡದ್ದು ಇನ್ನೂ ಗಂಟಲಲ್ಲಿದೆ.

‘ಏನಯ್ಯಾ ಫೋಟೋ ಡಾಕ್ಟರೇ, ಚೆನ್ನಾಗಿ ತೆಗಿ’ ಎಂದು ಭಾವ ತಳ್ಳುಗಾಡಿಯಿಂದ ಟೇಬಲ್ಲಿಗೆ ಜರುಗುತ್ತ ಅಂದ. ಈ ಸಲ ಭಯ ಅಷ್ಟಿರಲಿಲ್ಲ. ಬೆನ್ನು ಊರುವಾಗ ಮಾತ್ರ ಹಲ್ಲು ಕಚ್ಚಿದ. ನರ್ಸಮ್ಮ ಬೆನ್ನಿಗೆ ಕಟ್ಟಿದ್ದ ಗಾಯದ ಪಟ್ಟಿ ನೋಡಿ ಇದೇನು ಅಂದಳು. ‘ಅದಾ? ನನ್ನ ಹೆಂಡ್ತಿ ಇಸ್ತ್ರಿ ಹಾಕಿರೋದು’ ಅಂದ ಭಾವ. ನರ್ಸಮ್ಮ ಬಿದ್ದುಬಿದ್ದು ನಕ್ಕಳು. ಹಸಿರು ಬಟ್ಟೆ ಹೊದಿಸಿದರು, ಬಟ್ಟೆಯ ಮೇಲ್ಗಡೆ ಭಾವನ ಮುಖ ಮಾತ್ರ ಉಳಿಯಿತು. ಇವನು ಗಾಜಿನ ಈಚೆ ಬಂದು ಕೂತ. ಏನು ಮಾಡಬಹುದು? ಮೆಷಿನ್ನಿನ ತೋಳು ಆ ಕೋನಕ್ಕೆ ತಿರುಗುತ್ತಿಲ್ಲ ಎಂದು ಸುಳ್ಳು ಹೇಳಬಹುದು. ಹೌದು, ಅದೇ ಸರಿ. ಬೆನ್ನೂ ಉಳಿಯುತ್ತದೆ, ನಾನೂ ಉಳಿಯುತ್ತೇನೆ. ಆ ಯೋಚನೆ ಬಂದದ್ದೇ ಮೈ ಹಗುರವಾಯಿತು. ಇಷ್ಟು ಸುಲಭದ್ದು ಯಾಕೆ ಹೊಳೆದಿರಲಿಲ್ಲ? ಹೊರಗೆ ಕುರ್ಚಿಯ ಮೇಲೆ ಅಕ್ಕ ಕೂತಿರುತ್ತಾಳೆ, ಬೆನ್ನು ಸುಟ್ಟವಳಾಗಿಯೇ ಕೂತಿರುತ್ತಾಳೆ, ಹಾಗೇ ಮನೆಗೆ ಹೋಗುತ್ತಾಳೆ, ಹಾಗೇ ಮುದುಕಿಯಾಗುತ್ತಾಳೆ. ಹಗುರವಾದದ್ದು ಮತ್ತೆ ಭಾರವಾಯಿತು.

ದೊಡ್ಡ ಡಾಕ್ಟರು ಬಂದರು. ಇಂಥ ಎರಡನೇ ಸಲದ ರೋಗಿ ಬಂದಾಗ ಮೊದಲ ಸಲದ ಅಂಕಿ ಕೇಳುವುದು ಕಾಯಿದೆ. ನರ್ಸಮ್ಮ ರಿಜಿಸ್ಟರ್ ತೆರೆದು ಓದಿದಳು, ‘ಎರಡು ಪಾಯಿಂಟ್ ಒಂದು ಸಾರ್.’

‘ಹಾಂ, ನೆನಪಿದೆ. ಏನೂ ಯೋಚನೆ ಇಲ್ಲ. ಹೋದ ಸಲದ ಕೋನಾನೇ ಇಡಯ್ಯಾ, ಅಲ್ಲೇ ಚೆನ್ನಾಗಿ ಕಾಣತ್ತೆ.’

ಸುಳ್ಳು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕೈ ತನ್ನ ಹನ್ನೊಂದು ವರ್ಷದ ಅಭ್ಯಾಸದಂತೆ ಗುಂಡಿ ಒತ್ತಿಬಿಟ್ಟಿತ್ತು. ಮೆಷಿನ್ನಿನ ತೋಳು ಸದ್ದಿಲ್ಲದೆ ತಿರುಗಿ ಹೋಗಿ ಭಾವನ ಬಲ ಹೆಗಲ ಕೆಳಗೆ, ಆ ಒಸರುವ ಚೌಕದ ನೇರಕ್ಕೆ ನಿಂತಿತು. ಒಂದು ಕೂದಲೆಳೆಯೂ ಆಚೀಚೆ ಇಲ್ಲ. ಎಂಥ ವಿಧೇಯ ಕೈ! ಡಾಕ್ಟರು ಕಿರಣ ಬಿಡುವ ಪೆಡಲಿನ ಮೇಲೆ ಕಾಲಿಟ್ಟರು.

‘ಎಂಟು ಪಾಯಿಂಟ್ ಒಂಬತ್ತು’ ಅಂದ ಅವನು ಮೈಕಿನಲ್ಲಿ.

ಡಾಕ್ಟರ ಕಾಲು ನಿಂತಿತು. ‘ಏನು ಕಂಡಕ್ಟರ್, ಬಸ್ಸು ಇನ್ನೂ ಹೊರಟೇ ಇಲ್ಲ’ ಅಂದರು. ನರ್ಸಮ್ಮ ಕಿಸಕ್ಕೆಂದಳು. ‘ಹೋದ ಸಲದ್ದು ಎಂಟು ಪಾಯಿಂಟ್ ಒಂಬತ್ತು ಸಾರ್. ಮಧ್ಯ ಮೆಷಿನ್ ನಿಂತಿತಲ್ಲ, ಆಗ ಅಂಕಿ ಸೊನ್ನೆಗೆ ಹೋಯ್ತು. ನಾನು ಕೂಡಿಸ್ಲಿಲ್ಲ. ಬರೀ ಕೊನೇದು ಬರೆದೆ.’ ಧ್ವನಿ ತನ್ನದಲ್ಲವೇನೋ ಅನ್ನುವಷ್ಟು ಸ್ಪಷ್ಟವಾಗಿತ್ತು. ಯಾರೂ ನಗಲಿಲ್ಲ.

‘ಯಾರದಯ್ಯಾ ಅದು, ಎಂಟು?’ ಎಂದು ಹಸಿರು ಬಟ್ಟೆಯ ಮೇಲಿಂದ ಭಾವ ಕೇಳಿದ.

ಮೈಕಿನಲ್ಲಿ ಹೇಳಬಹುದಿತ್ತು. ಅವನು ಎದ್ದು ಬಾಗಿಲು ತಳ್ಳಿ ಒಳಗೆ ಹೋಗಿ ಟೇಬಲ್ಲಿನ ತಲೆಯ ಕಡೆ ನಿಂತ. ‘ನಿಮ್ದೇ ಭಾವ. ನಿಮ್ಮ ಬೆನ್ನಲ್ಲಿರೋದು ನೀರಿನ ಚೀಲದ್ದಲ್ಲ. ಈ ಮೆಷಿನ್ನಿಂದು. ಜಾಸ್ತಿ ಆಗ್ತಾ ಇದೆ ಅಂತ ನಾನು ಕೂಗಿ ಹೇಳ್ಬೇಕಿತ್ತು, ಹೇಳ್ಲಿಲ್ಲ.’ ಭಾವ ಅವನನ್ನೇ ತಲೆಕೆಳಗಾಗಿ ನೋಡುತ್ತಿದ್ದ. ಡಾಕ್ಟರು ಕೈಗವಸು ಕಳಚಿ, ಭಾವನನ್ನು ಪಕ್ಕಕ್ಕೆ ಹೊರಳಿಸಿ, ಪಟ್ಟಿ ಬಿಡಿಸಿ ನೋಡಿದರು. ತುಂಬ ಹೊತ್ತು ನೋಡಿದರು. ‘ಇವತ್ತು ಬೇಡ. ವಾರ್ಡಿಗೆ ಕಳಿಸಿ’ ಅಂದರು ನರ್ಸಮ್ಮನಿಗೆ. ಇವನಿಗೆ, ‘ಮಧ್ಯಾಹ್ನ ರೂಮಿಗೆ ಬನ್ನಿ’ ಅಂದರು. ಬಾ ಅಂದಿದ್ದರೆ ಆಗದಿದ್ದ ಹೆದರಿಕೆ ಆ ಬನ್ನಿಗೆ ಆಯಿತು. ಅವರು ಹೋದ ಮೇಲೆ ಭಾವ ಗೋಡೆಯ ಕಡೆ ಮುಖ ಮಾಡಿಕೊಂಡೇ ಮಾತಾಡಿದ.

‘ಅವಳಿಗೆ ಏನೇನು ಅಂದಿದೀನಿ ಗೊತ್ತೇನಯ್ಯಾ ನಾನು? ತಾಟಗಿತ್ತಿ ಅಂದೆ. ನಾನು ಸತ್ರೆ ನಿನಗೆ ಸಮಾಧಾನ ಅಂದೆ. ನಿನ್ನೆ ಔಷಧಿ ಹಚ್ಚೋಕೆ ಬಂದ್ರೆ ಕೈ ತಳ್ಳಿಬಿಟ್ಟೆ.’ ಹಸಿರು ಬಟ್ಟೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡ. ‘ಹೋಗು, ನೀನೇ ಹೇಳು. ನನಗೆ ಮುಖ ಇಲ್ಲ.’

ಮುಖ ತನಗಿದೆಯೆ? ಕಾರಿಡಾರಿನ ಕೊನೆಯಲ್ಲಿ ಸಾಲು ಕುರ್ಚಿಗಳಲ್ಲಿ ಅಕ್ಕ ಕೂತಿದ್ದಳು, ಪಕ್ಕದ ಕುರ್ಚಿ ಬೇರೆ ಯಾರೂ ಹಿಡಿಯದ ಹಾಗೆ ಅದರ ಮೇಲೆ ಕೈಚೀಲ ಇಟ್ಟುಕೊಂಡು. ಅವನನ್ನು ಕಂಡದ್ದೇ ಚೀಲವನ್ನು ಮಡಿಲಿಗೆ ತೆಗೆದುಕೊಂಡಳು. ‘ಬಾ, ಕೂತ್ಕೋ. ಇಷ್ಟು ಬೇಗ ಆಯ್ತಾ? ನೀನಿದೀಯ ಅಂತ ನನಗೇನೂ ಭಯ ಇರ್ಲಿಲ್ಲ ಬಿಡು.’ ಅವನು ಕೂರಲಿಲ್ಲ. ನಿಂತೇ ಹೇಳಿದ. ಅಂಕಿಗಳನ್ನು ಹೇಳಿದ, ಮೆಷಿನ್ ನಿಂತದ್ದು ಹೇಳಿದ, ಕಂಡಕ್ಟರ್ ಅಂದದ್ದನ್ನೂ ಹೇಳಿದ, ಹೇಳಿಕೊಳ್ಳುತ್ತ ಹೋದಂತೆ ಅದು ತಪ್ಪೊಪ್ಪಿಗೆಯಾಗದೆ ಯಾರ ಮೇಲೋ ದೂರು ಕೊಟ್ಟ ಹಾಗೆ ಕೇಳಿಸತೊಡಗಿತು, ಅಲ್ಲಿಗೆ ನಿಲ್ಲಿಸಿದ. ‘ನಿನ್ನ ಅಳತೆ ಸರಿ ಇತ್ತು ಅಕ್ಕ’ ಅಂದ.

ಅಕ್ಕ ಅಳಲಿಲ್ಲ. ಅತ್ತಿದ್ದರೆ, ಎದ್ದು ಕಪಾಳಕ್ಕೆ ಎರಡು ಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. ‘ಭಾನುವಾರ ನಾನು ಕೇಳಿದಾಗ ನಿನಗೆ ಗೊತ್ತಿತ್ತಾ?’ ಅಂದಳು.

‘ಗೊತ್ತಿತ್ತು.’

‘ಅದಕ್ಕೆ ಮುಂಚೆ?’

‘ಆವತ್ತೇ ಗೊತ್ತಿತ್ತು. ಮೊದಲನೇ ದಿನಾನೇ.’

ಎದುರಿನ ಬಾಗಿಲು ತೆರೆದು ಯಾರೋ ಯಾರನ್ನೋ ಕರೆದರು. ಅಕ್ಕ ಅತ್ತ ನೋಡಲಿಲ್ಲ. ‘ಇವತ್ತು ಅವರನ್ನ ಮತ್ತೆ ಆ ಟೇಬಲ್ ಮೇಲೆ ಮಲಗಿಸ್ದೇ ಇದ್ದಿದ್ರೆ,’ ಅಂದಳು ನಿಧಾನವಾಗಿ, ಅವನ ಮುಖದಿಂದ ಕಣ್ಣು ಕೀಳದೆ, ‘ಒಂದೇ ಸಲಕ್ಕೆ ಎಲ್ಲಾ ಮುಗಿದುಹೋಗಿದ್ದಿದ್ರೆ, ಬರೀ ನನಗೋಸ್ಕರ, ನಾನು ಬೈಸ್ಕೊಳ್ತಾ ಇದೀನಿ ಅನ್ನೋದಕ್ಕೋಸ್ಕರ, ನೀನು ಬಂದು ಹೇಳ್ತಿದ್ಯಾ?’

ಹೇಳುತ್ತಿದ್ದೆ ಅನ್ನಬಹುದಿತ್ತು. ಅವಳು ನಂಬುತ್ತಿದ್ದಳು, ನಂಬಲಿಕ್ಕೆಂದೇ ಕೇಳಿದ್ದಳೇನೋ.

‘ಇಲ್ಲ ಅಕ್ಕ’ ಅಂದ.

ಅಕ್ಕ ತಲೆಯಾಡಿಸಿದಳು. ಮಡಿಲಲ್ಲಿದ್ದ ಚೀಲವನ್ನು ಎತ್ತಿ ಮತ್ತೆ ಪಕ್ಕದ ಕುರ್ಚಿಯ ಮೇಲೆ ಇಟ್ಟಳು.